ಸತ್ತವರು ನೀರು ಕೇಳುವುದಿಲ್ಲ

ಓಕಿನೋಸೆ
18 ಏಪ್ರಿಲ್ 2023

ಶ್ರೀ ಹೊಸೊಯಾ ಮೊರಿಹಿಸಾ ಅವರಿಗೆ
ಅಧ್ಯಕ್ಷರು, ಓಕಿನೋಸೆ ಸಮುದ್ರೋತ್ಸವ ಸಮಿತಿ

ಕಳೆದ ತಿಂಗಳು ಇಪ್ಪತ್ತೊಂದರಂದು ನಿಮ್ಮ ಸಮಿತಿ ಬಂದರಿನ ಕಲ್ಲುಮೆಟ್ಟಿಲುಗಳ ಪಕ್ಕದಲ್ಲಿ ಒಂದು ಸುಳ್ಳನ್ನು ನಿಲ್ಲಿಸಿದೆ. ಆಳೆತ್ತರದ ಕರಿಕಲ್ಲು. ಅದರ ಮೇಲೆ "ನೂರು ಬೇಸಿಗೆ, ಒಂದು ಜೀವವೂ ಹೋಗದ ಉತ್ಸವ" ಎಂದು ಕೆತ್ತಿಸಿದ್ದೀರಿ. ಆ ಕಲ್ಲು ನಿಂತಿರುವ ಜಾಗದಲ್ಲೇ, 1974ರ ಆಗಸ್ಟ್ 4ರಂದು, ದೇವರ ಪಲ್ಲಕ್ಕಿಯ ತೊಲೆಗೂ ಮೆಟ್ಟಿಲಿಗೂ ನಡುವೆ ಸಿಕ್ಕಿ ನನ್ನ ತಮ್ಮ ಕುವಾಬಾರಾ ನೊರಿಮಿತ್ಸು ಸತ್ತ. ಆಗ ಅವನಿಗೆ ಇಪ್ಪತ್ತೆರಡು ವರ್ಷ.

ಪತ್ರದ ಮೊದಲಿಗೆ ಚೆರ್ರಿ ಹೂ ಉದುರಿದ್ದರ ಬಗ್ಗೆ, ನಿಮ್ಮ ಆರೋಗ್ಯದ ಬಗ್ಗೆ ಎರಡು ಸಾಲು ಬರೆಯುವುದು ಮರ್ಯಾದೆ ಎಂದು ಗೊತ್ತು. ಈ ಸಲ ಬಿಟ್ಟಿದ್ದೇನೆ.

ಈ ಊರಿನ ಗ್ರಂಥಾಲಯ ನೋಡಿಕೊಂಡವಳು ನಾನು. ಹಳೆಯ ಪತ್ರಿಕೆಗಳನ್ನು ವರ್ಷವಾರು ಹೊಲಿದಿಟ್ಟಿದ್ದೇನೆ. ಯುದ್ಧದ ವರ್ಷಗಳಲ್ಲಿ ಉತ್ಸವ ನಡೆದೇ ಇಲ್ಲ, ಮೊನ್ನೆ ಸೋಂಕಿನ ವರ್ಷಗಳಲ್ಲೂ ನಡೆಯಲಿಲ್ಲ. ಹಾಗಾಗಿ ನಿಮ್ಮ "ನೂರು" ಕೂಡ ಸುಳ್ಳೇ. ಅದಿರಲಿ. ಉತ್ಸವ ಮುಗಿದ ಮೇಲೆ, ಐದನೆಯ ತಾರೀಕಿನ ಸಂಜೆ, ಕುಡಿದ ಅಮಲಿನಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದು ಸತ್ತ ಎಂದು ನೊರಿಯ ಬಗ್ಗೆ ಊರಿಗೆ ಹೇಳಿದಿರಿ. ಒಂದು ಗುಟುಕು ಅಕ್ಕಿಮದ್ಯಕ್ಕೇ ಕಿವಿ ಕೆಂಪಾಗಿ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗ ಅವನು. ಪಲ್ಲಕ್ಕಿ ಹೊರುವಾಗ ಅವನ ಪಾಲಿನ ಬಟ್ಟಲನ್ನು ಪ್ರತಿ ವರ್ಷ ನೀವೇ ಕುಡಿಯುತ್ತಿದ್ದಿರಿ, ಮರೆತಿರಲಾರಿರಿ.

ನಾನು ಆಗ ಕೋಬೆಯಲ್ಲಿ ಕೆಲಸದಲ್ಲಿದ್ದೆ. ನಿಜವಾಗಿ ನಡೆದದ್ದನ್ನು ಅಮ್ಮ ಹೇಳಿದ್ದು ತಾನು ಸಾಯುವ ವರ್ಷ. ನಾಲ್ಕನೆಯ ತಾರೀಕಿನ ಮಧ್ಯಾಹ್ನ, ಆಗಿನ ಅಧ್ಯಕ್ಷರಾದ ನಿಮ್ಮ ತಂದೆ ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಬಂದರಂತೆ. "ನೊರಿ ಹೋದ ಕಣಮ್ಮ. ಪಲ್ಲಕ್ಕಿ ವಾಲ್ತು. ಆದ್ರೆ ದೇವ್ರು ಇನ್ನೂ ಹೊರಗಿದಾರೆ. ನಾಳೆ ಗುಡಿಗೆ ವಾಪಸ್ ಹೋಗೋ ತನಕ ಅಳಬೇಡ, ಯಾರಿಗೂ ಹೇಳಬೇಡ."

ಈ ಪದ್ಧತಿ ನನಗೂ ಗೊತ್ತು. ದೇವರು ಊರಲ್ಲಿ ಸಂಚರಿಸುವಾಗ ಸಾವಿನ ಸೂತಕ ಎದುರಾಗಬಾರದು. ಆ ಎರಡು ದಿನ ಯಾರ ಮನೆಯಲ್ಲಿ ಸಾವಾದರೂ ಹೆಣ ಒಳಗೇ, ಊದುಬತ್ತಿ ಇಲ್ಲ, ಅಳು ಇಲ್ಲ. ನಮ್ಮಜ್ಜಿಯ ಕಾಲದಿಂದ ಬಂದದ್ದು. ಅಮ್ಮ ತಲೆಯಾಡಿಸಿದಳು. ಆದರೂ ಕೈ ಸುಮ್ಮನಿರದೆ, ಸಾವಿನ ಮನೆಯಲ್ಲಿ ಮಾಡುವ ಹಾಗೆ ದೇವರ ಗೂಡಿಗೆ ಬಿಳಿ ಕಾಗದ ಅಂಟಿಸಿದಳು. ನಿಮ್ಮ ತಂದೆ ಒಳಗೆ ಬಂದು ಅದನ್ನು ತಾವೇ ಕಿತ್ತರು. "ಇದೆಲ್ಲ ಈಗ ಬೇಡ. ಇನ್ನೂ ಸತ್ತಿಲ್ಲ ಅಂತಾನೇ ತಿಳ್ಕೋ."

ಆಮೇಲೆ ಪಲ್ಲಕ್ಕಿ ನಮ್ಮ ಮನೆ ಮುಂದೆ ನಿಂತಿತು. ಅಮ್ಮ ಎಂದಿನಂತೆ ಬಾಗಿಲಲ್ಲಿ ನಿಂತು ಹೊತ್ತವರಿಗೆಲ್ಲ ತಣ್ಣನೆಯ ಬಾರ್ಲಿ ಚಹಾ ಕೊಟ್ಟಳು. ಸುದ್ದಿ ಗೊತ್ತಿಲ್ಲದ ಯಾರೋ ಒಬ್ಬ ಕೂಗಿದನಂತೆ, "ಓ ಕುವಾಬಾರಾ ಅತ್ತೆ, ಇವತ್ತೇನು ಪೌಡರ್ ಜೋರಾಗಿದೆ! ಮಾವ ಸಮುದ್ರಕ್ಕೆ ಹೋದ ಹೊತ್ತಲ್ಲಿ ಯಾರಿಗೋಸ್ಕರ?" ಅಳು ಕಾಣಬಾರದೆಂದು ಹಚ್ಚಿದ ಪೌಡರ್ ಅದು. "ನಕ್ಕೆ ಕಣೆ," ಅಂದಳು ಅಮ್ಮ ನನಗೆ. "ನಕ್ಕೆ."

ಸತ್ತ ವರ್ಷವನ್ನೂ ಸೇರಿಸಿ ಎಣಿಸಿದರೆ, ಬರುವ ಆಗಸ್ಟಿಗೆ ನೊರಿಯ ಐವತ್ತನೆಯ ವರ್ಷದ ತಿಥಿ. ಅದೇ ಕೊನೆಯದು. ಅಂದಿಗೆ ಅವನ ಹೆಸರಿನ ಹಲಗೆಯನ್ನು ಇಳಿಸಿ ಪಿತೃಗಳ ಸಾಲಿಗೆ ಸೇರಿಸುತ್ತಾರೆ, ಆಮೇಲೆ ಅವನಿಗೆ ಬೇರೆ ಹೆಸರಿಲ್ಲ, ಬೇರೆ ದಿನವಿಲ್ಲ. ಹಲಗೆಯ ಮೇಲೆ ಐದು ಎಂಬ ಸುಳ್ಳು ತಾರೀಕಿದೆ. ಅದನ್ನು ನಾಲ್ಕು ಎಂದು ತಿದ್ದಿಸಿ ಅವನನ್ನು ಕಳಿಸಬೇಕು. ನೀವು ಮಾಡಬೇಕಾದದ್ದು ಇಷ್ಟೇ: ಅವನು ಪಲ್ಲಕ್ಕಿಯ ಕೆಳಗೆ, ನಾಲ್ಕರಂದು ಸತ್ತ ಎಂದು ಸಮಿತಿಯ ಹೆಸರಿನಲ್ಲಿ ಬರೆದುಕೊಡಿ. ಮತ್ತು ಕಲ್ಲು ತೆಗೆಯಿರಿ.

ಕುವಾಬಾರಾ ಶಿಗೆನೊ


ಓಕಿನೋಸೆ
2 ಮೇ 2023

ಮಾನ್ಯ ಕುವಾಬಾರಾ ಶಿಗೆನೊ ಅವರಿಗೆ

ಹೊಸ ಚಿಗುರು ಕಣ್ಣಿಗೆ ತಂಪೆರೆಯುವ ಈ ದಿನಗಳಲ್ಲಿ ತಾವು ಕ್ಷೇಮವೆಂದು ನಂಬುತ್ತೇವೆ. ಸಮುದ್ರೋತ್ಸವದ ಬಗ್ಗೆ ತಾವು ತೋರಿಸುತ್ತ ಬಂದಿರುವ ಆಸಕ್ತಿಗೆ ಸಮಿತಿ ಋಣಿಯಾಗಿದೆ.

ತಮ್ಮ ಪತ್ರವನ್ನು ಸಭೆಯಲ್ಲಿ ಪರಿಶೀಲಿಸಲಾಯಿತು. ಲಭ್ಯವಿರುವ ಮಾಹಿತಿಯಂತೆ ತಮ್ಮ ಸಹೋದರರ ನಿಧನ ಆಗಸ್ಟ್ 5ರ ಸಂಜೆ, ದೇವರು ಗುಡಿಗೆ ಮರಳಿದ ನಂತರ ಸಂಭವಿಸಿದೆ. ವೈದ್ಯರ ಪ್ರಮಾಣಪತ್ರವೂ ಹಾಗೆಯೇ ಹೇಳುತ್ತದೆ. ಆದ್ದರಿಂದ ಅದು ಉತ್ಸವದ ಅವಧಿಯಲ್ಲಿ ಆದದ್ದಲ್ಲ. ಶಿಲೆಯ ಮೇಲಿನ ಬರಹದಲ್ಲಿ ಬದಲಾವಣೆಯ ಅಗತ್ಯ ಕಂಡುಬಂದಿಲ್ಲ.

ಈ ವರ್ಷ ಉತ್ಸವ ಆಗಸ್ಟ್ 5 ಮತ್ತು 6ರಂದು, ಶನಿವಾರ ಮತ್ತು ಭಾನುವಾರ ನಡೆಯಲಿದೆ. ತಮ್ಮ ಉಪಸ್ಥಿತಿಯನ್ನು ಕೋರುತ್ತೇವೆ.

ಓಕಿನೋಸೆ ಸಮುದ್ರೋತ್ಸವ ಸಮಿತಿಯ ಪರವಾಗಿ
ಹೊಸೊಯಾ ಮೊರಿಹಿಸಾ


ಓಕಿನೋಸೆ
9 ಮೇ 2023

ಓಬಾ ಸದಾಯುಕಿ ಅವರಿಗೆ
ಕುಶಿರೊ, ಹೊಕ್ಕೈದೊ

ಸದಾ,

ಈ ವಿಳಾಸ ಸಿಕ್ಕಿದ್ದು ನೀನು ಕಳಿಸುವ ಹೊಸವರ್ಷದ ಕಾರ್ಡುಗಳಿಂದ. ಅಚ್ಚಾದ ಶುಭಾಶಯ ಬಿಟ್ಟರೆ ಒಂದಕ್ಷರ ಬರೆದವನಲ್ಲ. ಅಮ್ಮ ತೀರಿಕೊಂಡ ಮೇಲೂ ಅಮ್ಮನ ಹೆಸರಿಗೇ ಬರುತ್ತಿವೆ. ತಿಳಿಸದೇ ಇದ್ದದ್ದು ನನ್ನ ತಪ್ಪು. ಕಾರ್ಡು ಬರುವುದು ನಿಂತುಹೋಗುವುದು ನನಗೆ ಬೇಡವಾಗಿತ್ತು.

ಅಂದು ಪಲ್ಲಕ್ಕಿಯ ಮುಂದಿನ ತೊಲೆಗೆ ಹೆಗಲು ಕೊಟ್ಟವರು ನೀನು, ನೊರಿ, ಮೊರಿಹಿಸಾ. ಮೂವರೂ ನಮ್ಮನೆ ಅಂಗಳದಲ್ಲಿ ಬೆಳೆದವರು. ನೊರಿ ಸತ್ತ ಆ ಶರತ್ಕಾಲವೇ ನೀನು ಊರು ಬಿಟ್ಟೆ. ಯಾಕೆಂದು ನಾನು ಕೇಳಲಿಲ್ಲ. ದುಃಖಕ್ಕೆ ಅಂದುಕೊಂಡೆ.

ಮೊರಿಹಿಸಾ ಬಂದರಿನಲ್ಲಿ ನೆಡಿಸಿರುವ ಕಲ್ಲಿನ ಫೋಟೊ, ನಮ್ಮಿಬ್ಬರ ಪತ್ರಗಳ ನಕಲು ಜೊತೆಗಿಟ್ಟಿದ್ದೇನೆ. ಓದು.

ಅಮ್ಮನಿಗೆ ಕೊನೆಯವರೆಗೂ ಇದ್ದ ಕೊರಗು ಒಂದೇ. ಪ್ರಾಣ ಹೋಗುವಾಗ ನೊರಿಯ ತುಟಿಗೆ ಯಾರೂ ನೀರು ಮುಟ್ಟಿಸಲಿಲ್ಲ ಎಂದು. ತೊಲೆ ಬಿದ್ದ ಕ್ಷಣವೇ ಹೋದನಂತೆ, ಯಾರಿಗೆ ತಾನೆ ಪುರುಸೊತ್ತಿತ್ತು ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಕೇಳುತ್ತಿರಲಿಲ್ಲ. ಪ್ರತಿ ವರ್ಷ ಬೋನ್ ಹಬ್ಬದಲ್ಲಿ ಸತ್ತವರು ಮನೆಗೆ ಬರುವ ಸಂಜೆ, ಅವರು ಏರಿ ಬರಲೆಂದು ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡುತ್ತೇವಲ್ಲ, ನೊರಿಯ ಕುದುರೆಗೆ ಮಾತ್ರ ಉದ್ದುದ್ದ ಕಾಲು ಚುಚ್ಚುತ್ತಿದ್ದಳು. "ಬೇಗ ಬರ್ಲಿ. ಬಾಯಾರಿರತ್ತೆ." ಎಲ್ಲಕ್ಕೂ ಮೊದಲು ಒಂದು ಬಟ್ಟಲು ನೀರಿಡುತ್ತಿದ್ದಳು. ದೀಪವೂ ಆಮೇಲೆ.

ನೀನು ಅಲ್ಲಿದ್ದವನು. ನೊರಿ ಸತ್ತದ್ದು ನಾಲ್ಕರಂದು ಎಂದು ಎರಡು ಸಾಲು ಬರೆದು ಸಹಿ ಮಾಡಿ ಕಳಿಸು. ಬೌದ್ಧ ಮಂದಿರದ ಗುರುಗಳು ಅದನ್ನು ನೋಡಿ ಹಲಗೆ ತಿದ್ದಿಸುತ್ತೇನೆಂದಿದ್ದಾರೆ. ಅದಕ್ಕಿಂತ ಹೆಚ್ಚು ಏನನ್ನೂ ನಿನ್ನಿಂದ ಕೇಳುವುದಿಲ್ಲ.

ನಿನ್ನ
ಶಿಗೆನೊ ಅಕ್ಕ


ಕುಶಿರೊ
24 ಜೂನ್ 2023

ಶಿಗೆನೊ ಅಕ್ಕನಿಗೆ,

ನೀವು ಕೇಳಿದ ಎರಡು ಸಾಲನ್ನು ನಾನು ಬರೆಯಲಾರೆ. ಹಲಗೆಯ ಮೇಲಿರುವ ತಾರೀಕು ಸರಿಯಾಗಿದೆ. ಅವರು ಹೇಳಿದ್ದರಲ್ಲಿ ಅದೊಂದೇ ನಿಜ.

ಇದನ್ನು ಬರೆದು ಹರಿದು ಬರೆದು ಇಷ್ಟು ತಡವಾಯಿತು. ಈಗ ನಿಲ್ಲಿಸದೆ ಬರೆಯುತ್ತೇನೆ.

ಪಲ್ಲಕ್ಕಿಯನ್ನು ಸಮುದ್ರದಿಂದ ಮೇಲೆತ್ತುವಾಗ ಹಿಂದಿನವರ ಕಾಲು ಪಾಚಿಯಲ್ಲಿ ಜಾರಿತು. ಭಾರವೆಲ್ಲ ಮುಂದಿನ ತೊಲೆಗೆ ಬಂತು. ನಾನು, ಮೊರಿ ಹೊರಕ್ಕೆ ಹಾರಿದೆವು, ನೊರಿ ಮೆಟ್ಟಿಲ ಕಡೆಗಿದ್ದ. ಎತ್ತಿದಾಗ ಅವನು ಅಲುಗಲಿಲ್ಲ. ಮೊರಿಯ ಅಪ್ಪ ಎದೆಗೆ ಕಿವಿಯಿಟ್ಟು "ಹೋದ" ಅಂದರು. ಆ ಗದ್ದಲದಲ್ಲಿ, ಆ ಡೋಲಿನಲ್ಲಿ ಯಾರ ಎದೆ ಯಾರಿಗೆ ಕೇಳಿಸಬೇಕು? ಅಲ್ಲಿಯವರೆಗೆ ಅದು ತಪ್ಪು ಮಾತ್ರ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಬಲೆ ಇಡುವ ಶೆಡ್ಡಿಗೆ ಹೊತ್ತುಕೊಂಡು ಹೋಗಿ ಬಲೆಗಳ ಮೇಲೆ ಮಲಗಿಸಿ ಬಟ್ಟೆ ಮುಚ್ಚಿದೆವು. ಕಾವಲಿಗೆ ನನ್ನನ್ನು, ಮೊರಿಯನ್ನು ಬಿಟ್ಟು ಅವನಪ್ಪ ನಿಮ್ಮ ಮನೆಗೆ ಹೋದರು.

ಸ್ವಲ್ಪ ಹೊತ್ತಿಗೆ ಬಟ್ಟೆಯ ಕೆಳಗಿನಿಂದ ನೊರಿ ಮಾತಾಡಿದ. "ಸದಾ, ನೀರು."

ನಾನು ಬಟ್ಟೆ ತೆಗೆದೆ. ಕಣ್ಣು ಬಿಟ್ಟಿದ್ದ. ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೆ ನನ್ನ ಗುರುತು ಹಿಡಿದ. "ಪಲ್ಲಕ್ಕಿ ಬಿತ್ತಾ?" ಎಂದು ಕೇಳಿದ. ಬೀಳಲಿಲ್ಲ ಅಂದೆ. "ಹಾಗಾದ್ರೆ ಪರವಾಗಿಲ್ಲ" ಅಂದ.

ಊರಿನ ಡಾಕ್ಟರು ಅಂದು ಉತ್ಸವದ ಉಡುಪು ತೊಟ್ಟು ಬಂದರಿನ ಚಪ್ಪರದಲ್ಲಿ ದೇವರ ಪಕ್ಕ ಕೂತಿದ್ದರು. ನಾನು ಓಡಲು ಎದ್ದೆ. ಮೊರಿ ತೋಳು ಹಿಡಿದ. "ಎಲ್ಲಿಗೋ? ಹೆಣ ಮುಟ್ಟಿದ ಕೈಲಿ ದೇವ್ರ ಮುಂದೆ ಹೋಗ್ತೀಯ?"

"ಹೆಣ ಯಾವ್ದೋ? ಮಾತಾಡ್ತಿದಾನೆ!"

"ಅಪ್ಪ ಬರ್ಲಿ. ತಡಿ."

ಅಪ್ಪ ಬಂದರು. ಆ ವರ್ಷವೇ ಮೊದಲ ಸಲ ಟಿ.ವಿ.ಯವರು ಬಂದಿದ್ದರು, ನಿಮಗೆ ನೆನಪಿರಬಹುದು. ಮರುದಿನ ದೇವರು ಮರಳುವುದನ್ನು ಚಿತ್ರೀಕರಿಸುವುದಿತ್ತು. ಗಾಯ ಅಂದರೆ ಆಂಬುಲೆನ್ಸು, ಆಂಬುಲೆನ್ಸು ಅಂದರೆ ಪೊಲೀಸು, ಉತ್ಸವ ಅಲ್ಲಿಗೆ ಮುಗಿಯಿತು. ಸಾವಿಗಾದರೆ ಪದ್ಧತಿ ಇತ್ತು. ಸಾವನ್ನು ಮುಚ್ಚಿಡಬಹುದಿತ್ತು. ಅವರು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. "ಅವರಮ್ಮನಿಗೆ ಹೇಳಾಯ್ತು. ಮೆಟ್ಟಿಲಿಗೆಲ್ಲ ಉಪ್ಪು ಹಾಕಿ ಶುದ್ಧಿ ಮಾಡಾಯ್ತು. ಸತ್ತಿದಾನೆ ಅಂತ ತಿಳ್ಕೊಳ್ರಿ."

"ನೀರು ಕೇಳ್ತಿದಾನೆ ಯಜಮಾನ್ರೇ," ಅಂದೆ.

"ಸತ್ತೋರು ನೀರು ಕೇಳಲ್ಲ."

ಬಾಗಿಲು ಎಳೆದವನು ಮೊರಿ. ಹೆಗಲಿಗೆ ಆಳು ಕಮ್ಮಿ ಎಂದು, ನನ್ನ ಕೈಗೂ ಉಪ್ಪು ಹಾಕಿ ಪಲ್ಲಕ್ಕಿಗೆ ಅಟ್ಟಿದರು. ಹೊತ್ತೆ, ಅಕ್ಕ. ಹಾಗೆ ನಿಮ್ಮ ಮನೆ ಮುಂದೆ ಬಂದೆವು. ನಿಮ್ಮಮ್ಮ ನನ್ನ ಕೈಗೆ ಲೋಟ ಕೊಟ್ಟು, "ಬಿಸಿಲು ಜಾಸ್ತಿ ಕಣಪ್ಪ, ಚೆನ್ನಾಗಿ ಕುಡಿ" ಅಂದರು. ಅವರ ಮುಖ ನೋಡಿದೆ. ನಿಮ್ಮ ಮಗ ಬದುಕಿದಾನೆ ಅನ್ನುವುದು ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಯಜಮಾನರು ಕೋಲು ಹಿಡಿದು ನಿಂತಿದ್ದರು. ನಾನು ಕೇಳಿದ್ದು, "ಅತ್ತೆ, ಈ ಕೆಟಲ್ ತಗೊಂಡು ಹೋಗ್ಲಾ? ಹಿಂದೆ ಬರೋರಿಗೆ ಬೇಕು."

"ತಗೊಂಡ್ಹೋಗು," ಅಂದರು.

ಸಂಜೆ ಯಾರಿಗೂ ಕಾಣದಂತೆ ಶೆಡ್ಡಿಗೆ ಹೋಗಿ ಆ ಚಹಾವನ್ನು ನೊರಿಗೆ ಕುಡಿಸಿದೆ. ಕೈ ಬೊಗಸೆ ಮಾಡಿ, ಸ್ವಲ್ಪ ಸ್ವಲ್ಪವಾಗಿ. "ಅಮ್ಮಂದು," ಅಂದ. ಅಮ್ಮ ಅದಕ್ಕೆ ಚಿಟಿಕೆ ಉಪ್ಪು ಹಾಕುತ್ತಿದ್ದರಲ್ಲ, ಅದರಿಂದ ಗೊತ್ತಾಗಿರಬೇಕು. ಮಾರನೆಯ ದಿನ ಮರಳುವ ಡೋಲು ಶುರುವಾಗುವವರೆಗೂ ಇದ್ದ. ಆಮೇಲೆ ಮಾತಿಲ್ಲ.

ಹಾಗಾಗಿ ತಾರೀಕು ಐದೇ. ಹಲಗೆ ತಿದ್ದಿಸಬೇಡಿ.

ನಾನು ಊರಲ್ಲಿದ್ದಷ್ಟು ದಿನ ನಿಮ್ಮಮ್ಮ ನನ್ನನ್ನು ಕಂಡಾಗಲೆಲ್ಲ ಆ ಕೆಟಲ್ ವಾಪಸ್ ಕೇಳುತ್ತಿದ್ದರು. ಅದು ನನ್ನ ಹತ್ತಿರ ಇದೆ. ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ.

ಸದಾಯುಕಿ


ಓಕಿನೋಸೆ
3 ಜುಲೈ 2023

ಸದಾ,

ಕೆಟಲ್ ತಲುಪಿತು. ಹಿಡಿಯ ಹತ್ತಿರದ ನೆಗ್ಗು ನಾನು ಚಿಕ್ಕಂದಿನಲ್ಲಿ ಬೀಳಿಸಿದ್ದು.

ನಿನ್ನ ಪತ್ರವನ್ನು ಅಮ್ಮನ ಫೋಟೊದ ಮುಂದೆ ಗಟ್ಟಿಯಾಗಿ ಓದಿದೆ. ಕೆಟಲ್ಲಿನ ಭಾಗವನ್ನು ಎರಡು ಸಲ ಓದಿದೆ. ಉಳಿದದ್ದನ್ನು ಓದಬಾರದಿತ್ತೇನೋ ಎಂದು ಈಗ ಅನ್ನಿಸುತ್ತಿದೆ.

ನಿನ್ನ ಹೆಸರು ಹೇಳಿ ಇದನ್ನು ಮೊರಿಹಿಸಾನಿಗೆ ಕಳಿಸಲೇ? ಊರಿಗೆ ಓದಿ ಹೇಳಲೇ?

ಶಿಗೆನೊ


ಕುಶಿರೊ
7 ಜುಲೈ 2023

ಓದಿ. ಹೆಸರು ಹೇಳಿ.

ಸದಾಯುಕಿ


ಓಕಿನೋಸೆ
19 ಜುಲೈ 2023

ಶಿಗೆನೊ ಅಕ್ಕ,

ಇದು ಸಮಿತಿಯ ಕಾಗದವಲ್ಲ. ನಾನೇ ಕೂತು ಬರೆಯುತ್ತಿದ್ದೇನೆ. ನೀವು ಕಳಿಸಿದ ನಕಲನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಸದಾ ಊರು ಬಿಟ್ಟು ಹೋದವನು. ಬಿಟ್ಟು ಹೋದವರಿಗೆ ಮಾತಾಡುವುದು ಸುಲಭ. ಇಲ್ಲಿ ಇದ್ದು, ಪ್ರತಿ ಬೇಸಿಗೆ ಅದೇ ಮೆಟ್ಟಿಲಿಳಿದು, ಅದೇ ತೊಲೆಗೆ ಹೆಗಲು ಕೊಟ್ಟವನು ನಾನು. ನನಗೇನೂ ಅನ್ನಿಸಲಿಲ್ಲ ಎಂದುಕೊಂಡಿರಾ? ಅಪ್ಪನ ಮಾತಿಗೆ ಎದುರಾಡುವುದು ಆ ಕಾಲದಲ್ಲಿ ಯಾರಿಂದ ಆಗುತ್ತಿತ್ತು? ಪಕ್ಕದ ಊರಿನ ಆಸ್ಪತ್ರೆಗೆ ಒಯ್ದಿದ್ದರೂ ಆ ಬೆನ್ನುಮೂಳೆಗೆ ಏನು ಮಾಡುತ್ತಿದ್ದರು? ಬದುಕಿದರೂ ಎಂಥ ಬದುಕು?

ಬಾಗಿಲು ಎಳೆದದ್ದು ನಾನೇ, ಒಪ್ಪುತ್ತೇನೆ. ಆದರೆ ನೀವು ಅಂದುಕೊಂಡಿರುವ ಕಾರಣಕ್ಕಲ್ಲ. ಪಡುವಣ ಬಿಸಿಲು ನೇರ ಅವನ ಕಣ್ಣಿಗೆ ಹೊಡೆಯುತ್ತಿತ್ತು. ಅವನು ಮುಖ ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಅದಕ್ಕೆ ಎಳೆದೆ.

ಅಕ್ಕ, ಉತ್ಸವ ನಿಂತು ಮೂರು ಬೇಸಿಗೆಯಾಯಿತು. ಹೊರಲು ಊರಲ್ಲಿ ಹುಡುಗರಿಲ್ಲ, ಪಕ್ಕದ ನಗರದ ಕಾಲೇಜಿನಿಂದ ಕರೆಸುತ್ತಿದ್ದೇವೆ. ಈ ಕಾಗದ ಹೊರಗೆ ಬಂದರೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ಒಮ್ಮೆ ನಿಂತರೆ ಮತ್ತೆ ಎದ್ದೇಳುವ ಊರಲ್ಲ ಇದು. ಕಲ್ಲಿನ ಹಿಂಬದಿಯಲ್ಲಿ ನೊರಿಯ ಹೆಸರು ಕೆತ್ತಿಸೋಣ, ಅವನ ಪ್ರೀತಿಯ ನೆನಪಿಗೆ ಎಂದು. ಉತ್ಸವ ಮುಗಿದ ಮೇಲೆ ನಾನು, ನೀವು, ಗುರುಗಳು ಮೂವರೇ ಹೋಗಿ ಹೂ ಇಡೋಣ. ಇಷ್ಟಕ್ಕೆ ಬಿಡಿ. ನೊರಿ ಇದ್ದಿದ್ದರೆ ಅವನೂ ಉತ್ಸವ ನಡೀಲಿ ಅಂತಲೇ ಅನ್ನುತ್ತಿದ್ದ.

ಮೊರಿಹಿಸಾ


ಓಕಿನೋಸೆ
30 ಜುಲೈ 2023

ಹೊಸೊಯಾ ಮೊರಿಹಿಸಾನಿಗೆ

ಈ ಪತ್ರವನ್ನು ಇಂದು ಬೆಳಿಗ್ಗೆ ಮೀನು ಮಾರುಕಟ್ಟೆಯ ಸೂಚನಾ ಹಲಗೆಗೆ ಅಂಟಿಸಿದ್ದೇನೆ, ಸದಾಯುಕಿಯ ಪತ್ರ ಮತ್ತು ನಿನ್ನ ಎರಡೂ ಪತ್ರಗಳ ಜೊತೆಗೆ. ಕಾಲೇಜಿನ ಹುಡುಗರ ಊರಿನ ಪತ್ರಿಕೆಗೂ ಕಳಿಸಿದ್ದೇನೆ. ನಿನ್ನನ್ನು ಇನ್ನು ಏಕವಚನದಲ್ಲೇ ಕರೆಯುತ್ತೇನೆ. ನಮ್ಮನೆ ಜಗಲಿಯಲ್ಲಿ ಕೂತು ನೊರಿಯ ಜೊತೆ ಕಲ್ಲಂಗಡಿ ಬೀಜ ದೂರ ಉಗುಳುವ ಪಂದ್ಯ ಕಟ್ಟುತ್ತಿದ್ದ ಹುಡುಗನನ್ನು ನಾನು "ನೀನು" ಎಂದೇ ಕರೆಯುತ್ತಿದ್ದೆ.

ಪದ್ಧತಿಯ ಹೆಸರಿನಲ್ಲಿ ಅವನನ್ನು ಮುಚ್ಚಿಟ್ಟಿರಿ. ಆ ಪದ್ಧತಿಯನ್ನು ನನ್ನಮ್ಮ ನಿಮ್ಮೆಲ್ಲರಿಗಿಂತ ಚೆನ್ನಾಗಿ ಪಾಲಿಸಿದಳು. ಅದು ಸತ್ತವರ ಮನೆಯವರಿಗೆ ಇರುವ ನೇಮ. ಬದುಕಿದವನನ್ನು ಅದರಡಿ ಮಲಗಿಸಿ ಬಟ್ಟೆ ಹೊದಿಸಬಹುದೆಂದು ಯಾವ ಪೂಜಾರಿಯೂ ಯಾವ ಕಾಲದಲ್ಲೂ ಹೇಳಿಲ್ಲ. ನಾನು ಹುಡುಕಿ ನೋಡಿದ್ದೇನೆ. ನಿನ್ನಪ್ಪ ಒಂದೇ ಮಧ್ಯಾಹ್ನ ಎರಡು ಬಾಗಿಲುಗಳಲ್ಲಿ ನಿಂತರು. ನಮ್ಮನೆ ಬಾಗಿಲಲ್ಲಿ, ಸತ್ತವನನ್ನು ಸತ್ತಿಲ್ಲ ಅಂತ ತಿಳ್ಕೋ ಎಂದರು. ಶೆಡ್ಡಿನ ಬಾಗಿಲಲ್ಲಿ, ಬದುಕಿದವನನ್ನು ಸತ್ತಿದ್ದಾನೆ ಅಂತ ತಿಳ್ಕೊಳ್ರಿ ಎಂದರು. ಊರೆಲ್ಲ ಹಾಗೆಯೇ ತಿಳಿದುಕೊಂಡಿತು.

ಉತ್ಸವ ಹಿಂದೆ ತಪ್ಪದೆ ಆಗಸ್ಟ್ ನಾಲ್ಕು ಮತ್ತು ಐದಕ್ಕೆ ನಡೆಯುತ್ತಿತ್ತು. ಬಸ್ಸಿನಲ್ಲಿ ಜನ ಬರಲೆಂದು ನೀನೇ ಅದನ್ನು ಶನಿವಾರ, ಭಾನುವಾರಕ್ಕೆ ತಂದೆ. ಪ್ರವಾಸಿಗಳಿಗಾಗಿ ದೇವರು ಶನಿವಾರದವರೆಗೆ ಕಾಯುತ್ತಾನೆ. ಡಾಕ್ಟರು ಎದ್ದು ಶೆಡ್ಡಿಗೆ ಹೋಗಿಬರುವಷ್ಟು ಹೊತ್ತು ಕಾಯುತ್ತಿರಲಿಲ್ಲವೇ? ಕೇಳಿ ನೋಡಿದವರು ಯಾರು?

ಯಾವ ತಾಯಿ ಮಗನನ್ನು ಕಳಿಸುತ್ತಾಳೆ ಎಂದು ಬರೆದಿದ್ದೀಯ. ನಾನೂ ಅದನ್ನೇ ಕೇಳುತ್ತಿದ್ದೇನೆ. ಈ ಬೇಸಿಗೆ ತೊಲೆಗೆ ಹೆಗಲು ಕೊಡುವ ಆ ಪರವೂರ ಹುಡುಗರಲ್ಲಿ ಒಬ್ಬ ಪಾಚಿಯಲ್ಲಿ ಜಾರಿದರೆ ಅವನನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ತಿಳಿಯುವ ಹಕ್ಕು ಅವರ ತಾಯಂದಿರಿಗಿದೆ.

ಆಸ್ಪತ್ರೆಯವರು ಏನು ಮಾಡುತ್ತಿದ್ದರೋ ನನಗೂ ಗೊತ್ತಿಲ್ಲ. ಉಳಿಸುತ್ತಿದ್ದರೋ ಇಲ್ಲವೋ. ಆದರೆ ಅಮ್ಮ ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಒಂದು ಇಡೀ ದಿನ ಅವಳಿಗೆ ಮಗನಿದ್ದ. ನಿಮ್ಮ ಡೋಲಿನ ಸದ್ದಿನಲ್ಲಿ ಅವಳು ಲೋಟ ತೊಳೆಯುತ್ತ ಕೂತಳು.

ನೊರಿಯ ಹೆಸರನ್ನು ಕಲ್ಲಿನ ಹಿಂದೆ ಕೆತ್ತುವುದು ಬೇಡ. ಒಮ್ಮೆ ಹಿಂದೆ ಅಡಗಿಸಿಟ್ಟದ್ದು ಸಾಕು.

ಆಗಸ್ಟ್ ಐದರ ಬೆಳಿಗ್ಗೆ ಬೌದ್ಧ ಮಂದಿರದಲ್ಲಿ ಅವನ ಕೊನೆಯ ತಿಥಿ. ತಾರೀಕನ್ನು ತಿದ್ದಿಸುತ್ತಿಲ್ಲ. ಅದು ಮುಗಿದ ಮೇಲೆ ಹಲಗೆಯನ್ನು ಪಿತೃಗಳ ಸಾಲಿಗೆ ಸೇರಿಸಲು ಬಿಡದೆ, ಎದೆಗವಚಿಕೊಂಡು ಬಂದರಿಗೆ ಬರುತ್ತೇನೆ. ಇನ್ನೊಂದು ಕೈಯಲ್ಲಿ ಅಮ್ಮನ ಕೆಟಲ್ ಇರುತ್ತದೆ, ಚಿಟಿಕೆ ಉಪ್ಪು ಹಾಕಿದ ಬಾರ್ಲಿ ಚಹಾ ತುಂಬಿ. ಹೊರುವ ಹುಡುಗರಿಗೆಲ್ಲ ನಾನೇ ಕೊಡುತ್ತೇನೆ. ಸದಾಯುಕಿಯೂ ಬರುತ್ತಾನೆ, ಟಿಕೆಟ್ ಆಗಿದೆ. ಉತ್ತರ ಬರುವವರೆಗೆ ನಾವಿಬ್ಬರೂ ಮೆಟ್ಟಿಲ ಮೇಲೆ, ಪಲ್ಲಕ್ಕಿ ಇಳಿಯುವ ದಾರಿಯಲ್ಲಿ ನಿಂತಿರುತ್ತೇವೆ. ಪೊಲೀಸರನ್ನು ಕರೆಸುವುದಾದರೆ ಕರೆಸು. ಆ ವರ್ಷ ಕರೆಸಬೇಕಿತ್ತು.

ನಿನ್ನ ಪತ್ರದಲ್ಲಿ ನೀನೇ ಬರೆದಿದ್ದೀಯ, ಬಿಸಿಲು ಕಣ್ಣಿಗೆ ಬೀಳುತ್ತಿತ್ತು, ಅವನು ಮುಖ ತಿರುಗಿಸುತ್ತಿದ್ದ, ಅದಕ್ಕೆ ಬಾಗಿಲು ಎಳೆದೆ ಎಂದು. ಹೆಣದ ಕಣ್ಣಿಗೆ ಬಿಸಿಲು ತಾಗೀತೆಂದು ಯಾರೂ ಬಾಗಿಲು ಹಾಕುವುದಿಲ್ಲ, ಮೊರಿಹಿಸಾ.

ಆದ್ದರಿಂದ ಶನಿವಾರ, ಪಲ್ಲಕ್ಕಿ ಎತ್ತುವ ಮೊದಲು, ಸಮಿತಿಯ ಉಡುಪಿನಲ್ಲಿ, ಆ ಕಲ್ಲಿನ ಪಕ್ಕದಲ್ಲಿ, ಊರಿನವರು, ಹೊರುವವರು, ಅವರ ತಾಯಂದಿರು ಎಲ್ಲರಿಗೂ ಕೇಳುವ ಹಾಗೆ ಹೇಳು: ನೀನು ಆ ಬಾಗಿಲು ಎಳೆದಾಗ ನನ್ನ ತಮ್ಮ ಬದುಕಿದ್ದನೇ, ಸತ್ತಿದ್ದನೇ?

ಮೈಕು ನಿನ್ನ ಕೈಯಲ್ಲೇ ಇರುತ್ತದೆ.

ನೊರಿಮಿತ್ಸುವಿನ ಅಕ್ಕ
ಕುವಾಬಾರಾ ಶಿಗೆನೊ